ಕುರ್ಚಿಯ ಮೇಲಿನ ಪೆಟ್ಟಿಗೆ

ಮಾರ್ಚ್ 3, ಸೋಮವಾರ

ಪೆಟ್ಟಿಗೆ ಬಂತು. ಇಬ್ಬರು ಹೊತ್ತು ತಂದು ಸ್ಟುಡಿಯೋ ಬಾಗಿಲಲ್ಲಿ ಇಟ್ಟು ಹೋದರು. ಮೊಣಕಾಲೆತ್ತರ, ಕಪ್ಪು ಬಣ್ಣ, ಮುಖದ ತುಂಬ ಒಂದೇ ದುಂಡನೆಯ ಬಾಯಿ. ಸಬ್‌ವೂಫರ್, ತಳದ ಸದ್ದಿಗೆಂದೇ ಇರುವ ಸ್ಪೀಕರು. ಆಂಪ್ಲಿಫೈಯರ್ ಅದರ ಹೊಟ್ಟೆಯೊಳಗೇ ಇದೆಯಂತೆ, ಗೋಡೆಗೆ ಒಂದು ಪ್ಲಗ್ ಚುಚ್ಚಿದರೆ ಸಾಕಂತೆ. ‘ಅಂತೆ’ ಎಂದು ಬರೆಯುತ್ತಿರುವುದು ಇದನ್ನೆಲ್ಲ ಹೇಳಿದ್ದು ನನ್ನ ವಾರಗಿತ್ತಿ ಎಂಬ ಕಾರಣಕ್ಕೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಳು ಒಮ್ಮೆ ಬಾಯಿಬಿಟ್ಟಳೆಂದರೆ ನನಗೆ ಗೊತ್ತಿರುವುದೂ ಅವಳದ್ದೇ ಆಗಿಬಿಡುತ್ತದೆ.

ಸ್ಟುಡಿಯೋ ನನ್ನ ಗಂಡ, ಮೈದುನ, ಇಬ್ಬರು ಅಣ್ಣತಮ್ಮಂದಿರದ್ದು. ಇವರು ತಂತಿ, ಪ್ಲಗ್ಗು, ರಿಪೇರಿ ನೋಡಿಕೊಳ್ಳುತ್ತಾರೆ. ಮೈದುನ ಊರೆಲ್ಲ ತಿರುಗಿ ಕೆಲಸ ಹಿಡಿದು ತರುತ್ತಾನೆ. ಕೂತು ಮಿಕ್ಸ್ ಮಾಡುವವಳು ನಾನು. ಹಾಡೇ ಬರಲಿ, ಸಿನಿಮಾವೇ ಬರಲಿ, ಯಾವ ಸದ್ದು ಎಷ್ಟಿರಬೇಕು ಎಂದು ಕೊನೆಯ ಮಾತು ಹೇಳುವುದು ನನ್ನ ಕಿವಿ. ಹತ್ತೊಂಬತ್ತು ವರ್ಷದಿಂದ ಆ ಕುರ್ಚಿ ನನ್ನದು. ಹೋದ ವರ್ಷ ಮೈದುನನಿಗೆ ಮದುವೆಯಾಯಿತು. ಹುಡುಗಿಯೂ ಇದೇ ಕೆಲಸದವಳು ಎಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ನನ್ನ ಬುದ್ಧಿಗಿಷ್ಟು!

ನಮ್ಮ ಕಳೆದ ಚಿತ್ರ ಥಿಯೇಟರಿಗೆ ಹೋದಾಗ ಬೇಸ್ ಎದೆಗೆ ಗುದ್ದುತ್ತದೆ ಎಂದು ದೂರು ಬಂತು. ಒಂದೇ ಒಂದು ದೂರು. ಊಟದ ಹೊತ್ತಿಗೆ ಮೈದುನ ಅದನ್ನು ಎತ್ತಿದ. ಅವಳು ತಟ್ಟೆ ನೋಡುತ್ತ ಮೆಲ್ಲಗೆ ಅಂದಳು: “ಅಕ್ಕಂದೇನೂ ತಪ್ಪಿಲ್ಲ. ನಮ್ಮ ಸ್ಪೀಕರು ಚಿಕ್ಕವು, ತಳದ ಸದ್ದು ರೂಮಲ್ಲಿ ಕೇಳ್ಸೋದೇ ಇಲ್ಲ. ಕೇಳ್ಸದೆ ಇದ್ರೆ ಯಾರಾದ್ರೂ ಜಾಸ್ತಿ ಹಾಕೇ ಹಾಕ್ತಾರೆ. ಒಂದು ಸಬ್‌ವೂಫರ್ ಬಂದ್ರೆ ಸರಿಹೋಗತ್ತೆ.”

ನನ್ನ ಪರವಾಗಿಯೇ ಮಾತಾಡಿದಳು. ಮೈ ಉರಿದದ್ದು ಅದಕ್ಕೇ.

ಮಾರ್ಚ್ 4, ಮಂಗಳವಾರ

ಯಾರನ್ನೂ ಕೇಳದೆ ಬೆಳಿಗ್ಗೆಯೇ ಇವರ ಕೈಲಿ ಪೆಟ್ಟಿಗೆಯನ್ನು ಮೂಲೆಗೆ ಇಡಿಸಿದೆ. ಪ್ಲಗ್ ಹಾಕಿದ ಕೂಡಲೇ ಗುಂಯ್ ಎನ್ನತೊಡಗಿತು. ಮಿಕ್ಸಿಂಗ್ ಮೇಜಿನ ಪ್ಲಗ್ಗು ಒಂದು ಗೋಡೆಯಲ್ಲಿ, ಪೆಟ್ಟಿಗೆಯದು ಇನ್ನೊಂದು ಗೋಡೆಯಲ್ಲಿ. ಇವರು ಎರಡರ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ತಂದರು, ಗುಂಯ್ ನಿಂತಿತು. “ನೋಡು, ಇಬ್ರನ್ನೂ ಒಂದೇ ಕಡೆ ಇಟ್ರೆ ಜಗಳ ಇಲ್ಲ” ಎಂದು ನಕ್ಕರು. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಅಂದರೋ.

ಹಾಡು ಹಾಕಿದೆ. ಅಬ್ಬಾ, ಮೂಲೆಯಿಂದ ಸದ್ದು ಉಕ್ಕಿ ಬಂತು! ಐದು ನಿಮಿಷದಲ್ಲಿ ಮೇಲಿನ ಮನೆಯಿಂದ ಅತ್ತೆ ಇಳಿದು ಬಂದರು. “ಏನ್ರೇ ಅದು? ಕಪಾಟಿನ ಲೋಟಗಳೆಲ್ಲ ಒಂದಕ್ಕೊಂದು ಮಾತಾಡ್ತಾ ಇವೆ!”

ಅವಳು ಹಿಂದಿನ ಸೋಫಾದಿಂದ ಎದ್ದು ಬಂದಳು. “ಅಕ್ಕ, ಮೂಲೇಲಿ ಇಟ್ರೆ ಗೋಡೆಗಳೂ ಸೇರ್ಕೊಂಡು ಸುಳ್ಳು ಹೇಳ್ತವೆ. ಕೆಲವು ಸ್ವರ ಎದ್ದು ಬರತ್ತೆ, ಕೆಲವು ಮಾಯ ಆಗತ್ತೆ.” ಹೇಳಿ ಸುಮ್ಮನಿರದೆ ತಳದ ಸ್ವರಗಳನ್ನು ಒಂದೊಂದಾಗಿ ಬಾರಿಸಿದಳು. ಮೂರನೆಯದು ಗುಡುಗಿತು. ಐದನೆಯದು ಎಲ್ಲಿ ಹೋಯಿತೋ, ಕೇಳಲಿಲ್ಲ.

“ಐದನೇದು ಕೇಳ್ತಾ ಅಕ್ಕ?”

“ಕೇಳ್ತಲ್ಲ” ಎಂದೆ.

ಮಾರ್ಚ್ 5, ಬುಧವಾರ

ನಾನು ಒಳಗೆ ಹೋದಾಗ ನನ್ನ ಕುರ್ಚಿಯ ಮೇಲೆ ಪೆಟ್ಟಿಗೆ ಕೂತಿತ್ತು. ಕುರ್ಚಿಗೆ ಹಲಗೆ ಹಾಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಅದರ ಮೇಲೆ ಆ ಕರಿಯ ಪೆಟ್ಟಿಗೆ. ಮೈದುನನ ಹೆಂಡತಿ ನೆಲದ ಮೇಲೆ ನಾಲ್ಕು ಕಾಲಲ್ಲಿ ಅಂಬೆಗಾಲಿಡುತ್ತಿದ್ದಾಳೆ. ಸ್ವರಗಳು ಒಂದರ ಹಿಂದೊಂದು ಬರುತ್ತಿವೆ, ಇವಳು ಅಲ್ಲಲ್ಲಿ ನಿಂತು ಮೂಸಿದ ಹಾಗೆ ಕೇಳುತ್ತಿದ್ದಾಳೆ.

ಈ ಉಪಾಯ ನಾನೂ ಓದಿ ಬಲ್ಲೆ. ಕೂತು ಕೇಳುವ ಜಾಗದಲ್ಲಿ ಪೆಟ್ಟಿಗೆಯನ್ನು ಇಟ್ಟು, ಪೆಟ್ಟಿಗೆ ಇಡಬಹುದಾದ ಜಾಗಗಳಲ್ಲಿ ನಾವು ತೆವಳಿಕೊಂಡು ಕೇಳಬೇಕು. ಎಲ್ಲಿ ಎಲ್ಲ ಸ್ವರವೂ ಸಮನಾಗಿ ಕೇಳುತ್ತದೋ ಅದೇ ಪೆಟ್ಟಿಗೆಯ ಜಾಗ. ಓದುವುದು ಬೇರೆ, ನನ್ನ ಕುರ್ಚಿಯ ಮೇಲೆ ಅದನ್ನು ನೋಡುವುದು ಬೇರೆ.

“ಅಕ್ಕ, ನೀವೂ ಬನ್ನಿ. ಇಬ್ರು ಕೇಳಿದ್ರೆ ಒಳ್ಳೇದು.”

“ನನ್ನ ಮಂಡಿ ನಿನ್ನ ಮಂಡಿಯಷ್ಟು ಎಳೇದಲ್ಲ” ಎಂದು ಹೊರಗೆ ಬಂದೆ.

ಕುರ್ಚಿಯದೇ ಇನ್ನೊಂದು ಸಂಗತಿ ಇದೆ, ಮರೆಯುವ ಮೊದಲು ಬರೆದಿಡುತ್ತೇನೆ. ನಾನಿಲ್ಲದಾಗ ಅವಳು ಅದನ್ನು ಎರಡು ಬೆರಳು ಎತ್ತರಿಸಿಕೊಂಡು ಕೂರುತ್ತಾಳೆ. ಹೋಗುವಾಗ ಮತ್ತೆ ನನ್ನ ಎತ್ತರಕ್ಕೆ ಸರಿಯಾಗಿ ಇಳಿಸಿ ಹೋಗುತ್ತಾಳೆ, ಕೂತ ಗುರುತೇ ಸಿಗದ ಹಾಗೆ. ಕಳ್ಳಿ.

ಮಾರ್ಚ್ 6, ಗುರುವಾರ

ಕೋಣೆಯಲ್ಲಿ ಏನೋ ಕಿಟಕಿಟ ಎನ್ನುತ್ತಿತ್ತು. ಒಂದು ಸ್ವರಕ್ಕೆ ಮಾತ್ರ. ಇವರು ಕಿಟಕಿ ಹಿಡಿದು ನೋಡಿದರು, ಬಾಗಿಲು ಹಿಡಿದು ನೋಡಿದರು. ಕೊನೆಗೆ ಅವಳೇ ಗೋಡೆಯ ಹತ್ತಿರ ಹೋಗಿ ಬೆರಳು ಒತ್ತಿದಳು, ನಿಂತಿತು. ಹನ್ನೊಂದು ವರ್ಷದ ಹಿಂದೆ ನನಗೆ ಬಂದ ಪ್ರಶಸ್ತಿಪತ್ರದ ಚೌಕಟ್ಟು!

“ಅಕ್ಕ, ಇದನ್ನ ಹೊರಗಿನ ರೂಮಲ್ಲಿ ಹಾಕೋಣ್ವಾ? ಅಲ್ಲಿ ಬರೋರಿಗೆಲ್ಲ ಕಾಣ್ಸತ್ತೆ.”

ಇಡೀ ಕೋಣೆಯಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಅದೊಂದೇ. ಹಿಂದೆ ರಟ್ಟು ತುರುಕಿದೆ, ಇಳಿಸಲಿಲ್ಲ. ರಟ್ಟಿದ್ದರೂ ಸಣ್ಣಗೆ ಕಿಟಕಿಟ ಎನ್ನುತ್ತಿದೆ. ಎನ್ನಲಿ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಮೇಲೆ ಹೋದಾಗ ನಾನು ಒಬ್ಬಳೇ ಬಾಗಿಲು ಹಾಕಿಕೊಂಡು, ಸೆರಗು ಸಿಕ್ಕಿಸಿಕೊಂಡು, ಅಂಬೆಗಾಲಿಟ್ಟೆ. ಪೆಟ್ಟಿಗೆ ಇನ್ನೂ ಕುರ್ಚಿಯ ಮೇಲೆಯೇ ಇತ್ತು. ಅವಳು ತಪ್ಪು ಜಾಗ ಹಿಡಿದಿರುತ್ತಾಳೆ, ನಾನು ಸರಿಯಾದದ್ದನ್ನು ಹುಡುಕಿ ಎಲ್ಲರ ಮುಂದೆ ತೋರಿಸಬೇಕು ಎಂಬ ಹಟ. ಕಣ್ಣು ಮುಚ್ಚಿಕೊಂಡು ಮುಂದಿನ ಗೋಡೆಯುದ್ದಕ್ಕೂ ತೆವಳಿದೆ. ನಡುವಿನಿಂದ ಸ್ವಲ್ಪ ಎಡಕ್ಕೆ, ಗೋಡೆಯಿಂದ ಒಂದು ಮೊಳ ಈಚೆ, ಎಲ್ಲ ಸ್ವರವೂ ಒಂದೇ ಸಮ ಬಂತು. ಐದನೆಯದೂ ಬಂತು. ಎಷ್ಟು ಚೆನ್ನಾಗಿತ್ತೆಂದರೆ ಒಂದು ಗಳಿಗೆ ಅಲ್ಲೇ ಮಲಗಿಬಿಡೋಣ ಅನ್ನಿಸಿತು.

ಕಣ್ಣು ಬಿಟ್ಟರೆ ಮೂಗಿನ ಕೆಳಗೆ, ಜಾಗದ ಗುರುತಿಗೆಂದು ಅವಳು ಅಂಟಿಸಿದ ಹಳದಿ ಟೇಪು.

ಆ ಹೊತ್ತಿಗೇ ಇವರು ಬಾಗಿಲು ತೆಗೆಯಬೇಕೇ? “ಏನು ಬಿತ್ತು?” ಎಂದರು.

“ಓಲೆ” ಎಂದೆ. ಎರಡೂ ಕಿವಿಯಲ್ಲಿ ಓಲೆ ಇತ್ತು. ನೋಡಿ, ಬಾಗಿಲು ಎಳೆದುಕೊಂಡು ಹೋದರು.

ಮಾರ್ಚ್ 7, ಶುಕ್ರವಾರ

ಪೆಟ್ಟಿಗೆ ಟೇಪಿನ ಮೇಲೆ ಕೂತಿತು. ನಾನು ಬೇಡ ಎನ್ನಲಿಲ್ಲ, ಹೌದೂ ಎನ್ನಲಿಲ್ಲ.

ಇನ್ನು ಉಳಿದದ್ದು ಹಿಂಬದಿಯ ಪುಟ್ಟ ಸ್ವಿಚ್ಚು. ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಪೆಟ್ಟಿಗೆಯೂ ಮುಂದಕ್ಕೆ ತಳ್ಳಬೇಕು. ಒಂದು ತಳ್ಳಿ ಇನ್ನೊಂದು ಎಳೆದರೆ ಕುರ್ಚಿಯ ಹತ್ತಿರ ಸದ್ದು ಸದ್ದನ್ನೇ ತಿಂದುಹಾಕುತ್ತದೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಬೇಕು, ಇನ್ನೊಬ್ಬರು ಪೆಟ್ಟಿಗೆಯ ಹಿಂದೆ ಕೂತು ಸ್ವಿಚ್ ತಿರುಗಿಸಬೇಕು. ಯಾವ ಕಡೆಗಿದೆ ಎಂದು ಹಿಂದಿನವರು ಹೇಳಕೂಡದು, ಕುರ್ಚಿಯವರು ಕೇಳಕೂಡದು.

ಕುರ್ಚಿಯಲ್ಲಿ ನಾನು. ಅವಳು ಹಿಂದೆ. ಇವರೂ ಮೈದುನನೂ ಸೋಫಾದಲ್ಲಿ. ಒಮ್ಮೆ ಸದ್ದು ದಪ್ಪಗಾಯಿತು, ಒಮ್ಮೆ ಸಣ್ಣಗಾಯಿತು. ಮತ್ತೆ ದಪ್ಪ, ಮತ್ತೆ ಸಣ್ಣ. ದಪ್ಪಗಾದಾಗಲೆಲ್ಲ ಅವಳು ನನ್ನ ಬಾಯನ್ನೇ ನೋಡುತ್ತಿದ್ದಾಳೆ ಎಂದು ಕಣ್ಣು ಮುಚ್ಚಿದ್ದರೂ ಗೊತ್ತಾಯಿತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುವ ಹಾಗೆ.

ಸಣ್ಣಗಾದಾಗ “ಇದೇ” ಎಂದೆ.

“ಆದ್ರೆ ಅಕ್ಕ, ಜಾಸ್ತಿ ಕೇಳ್ಸೋ ಕಡೆನೇ...”

“ಬೇಸ್ ಜಾಸ್ತಿ ಅಂತ ತಾನೇ ದೂರು ಬಂದಿದ್ದು? ಇನ್ನೂ ಜಾಸ್ತಿ ಮಾಡ್ಕೊಂಡು ಕೂರ್ಲಾ? ಇದು ಸ್ವಚ್ಛವಾಗಿದೆ. ಇದೇ ಇರ್ಲಿ.”

ಅವಳು ಗಂಡನ ಮುಖ ನೋಡಿದಳು. ಆಮೇಲೆ, “ಸರಿ ಅಕ್ಕ. ಕುರ್ಚಿ ನಿಮ್ಮದು” ಎಂದಳು.

ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 10, ಸೋಮವಾರ

ನಿರ್ದೇಶಕಿ ಬಂದಿದ್ದಳು. ನದಿ ದಾಟಿಸುವ ಕೊನೆಯ ದೋಣಿಯ ಮೇಲೆ ಚಿತ್ರ ಮಾಡಿದ್ದಾಳೆ. ಸೇತುವೆ ಆಗುತ್ತಿದೆ, ದೋಣಿ ನಿಲ್ಲುತ್ತದೆ. ಚಿತ್ರದ ತುಂಬ ದೋಣಿಯ ಎಂಜಿನ್ನು ದಡ್ ದಡ್ ಎನ್ನುತ್ತಿರುತ್ತದೆ, ಅದರ ನಡುವೆ ಅಂಬಿಗ ಮಾತಾಡುತ್ತಾನೆ. ಇಂಥ ಕೆಲಸ ನಮ್ಮ ಕೋಣೆಗೆ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ನೋಡುತ್ತ ಕೂತಲ್ಲೇ ನನ್ನ ಬೆರಳುಗಳು ನಾಬುಗಳ ಮೇಲೆ ಆಡುತ್ತಿದ್ದವು.

ನಿರ್ದೇಶಕಿ ಮುಲಾಜಿಲ್ಲದವಳು. “ನಿಮ್ಮ ಹೋದ ಚಿತ್ರ ನಾನು ಥಿಯೇಟರಲ್ಲಿ ಕೇಳಿದೀನಿ. ಅದಕ್ಕೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲ ಹತ್ತು ನಿಮಿಷ ಇಬ್ರೂ ಬೇರೆ ಬೇರೆ ಮಿಕ್ಸ್ ಮಾಡಿ. ಥಿಯೇಟರಲ್ಲಿ ಹಾಕಿ ನೋಡೋಣ. ಯಾರದು ಹಿಡಿಸತ್ತೋ ಅವ್ರು ಪೂರ್ತಿ ಮಾಡ್ಲಿ.”

ಮೈದುನ ತಲೆಯಾಡಿಸಿದ. ಇವರೂ ತಲೆಯಾಡಿಸಿದರು! ಹತ್ತೊಂಬತ್ತು ವರ್ಷದ ಮೇಲೆ ನನಗೆ ಪರೀಕ್ಷೆ, ಅದೂ ನಿನ್ನೆ ಮೊನ್ನೆ ಬಂದವಳ ಜೊತೆ ಒಂದೇ ಬೆಂಚಿನಲ್ಲಿ.

ಮಾರ್ಚ್ 12, ಬುಧವಾರ

ನನ್ನ ಸರದಿ ಮುಗಿಯಿತು. ಎಂಜಿನ್ ಎಷ್ಟು ಕೊಟ್ಟರೂ ಬಡಕಲಾಗಿ ಕೇಳುತ್ತಿತ್ತು. ಎತ್ತಿದೆ, ಇನ್ನೂ ಎತ್ತಿದೆ. ಕೊನೆಗೆ ತುಂಬಿಕೊಂಡಿತು. ಚೆನ್ನಾಗಿದೆ. ಚೆನ್ನಾಗಿಯೇ ಇದೆ.

ಮಾರ್ಚ್ 13, ಗುರುವಾರ

ಇದನ್ನು ಬರೆಯದೇ ಬಿಡಬಹುದಿತ್ತು. ಈ ಪುಸ್ತಕಕ್ಕೂ ಸುಳ್ಳು ಹೇಳುವುದಾದರೆ ಇದನ್ನು ಇಟ್ಟುಕೊಂಡು ಏನು ಮಾಡಲಿ?

ನಾಳೆ ಅವಳ ಸರದಿ. ಇವತ್ತು ಮಧ್ಯಾಹ್ನ ಪೆಟ್ಟಿಗೆಯ ಹಿಂದೆ ಬಗ್ಗಿ ಸ್ವಿಚ್ಚನ್ನು ಇನ್ನೊಂದು ಕಡೆಗೆ ತಿರುಗಿಸಿದೆ. ಬೆರಳ ತುದಿಯಷ್ಟು ಕೆಲಸ, ಟಕ್ ಎಂದಿತು. ಅವಳಿಗೆ ಎಲ್ಲವೂ ದಪ್ಪಗೆ ಕೇಳುತ್ತದೆ, ಹೆದರಿ ಎಂಜಿನ್ನನ್ನು ಇಳಿಸಿಬಿಡುತ್ತಾಳೆ, ಥಿಯೇಟರಿನಲ್ಲಿ ದೋಣಿ ಸೊಳ್ಳೆಯ ಹಾಗೆ ಗುಯ್‌ಗುಡುತ್ತದೆ.

ಹೊರಗೆ ಬಂದಾಗ ಇವರು ಕೇಬಲ್ ಸುತ್ತುತ್ತ ನಿಂತಿದ್ದರು. “ಮತ್ತೆ ಓಲೆ ಬಿತ್ತಾ?” ಎಂದರು. ಸೀರೆಯ ಮಂಡಿಯ ಮೇಲೆ ಧೂಳಿತ್ತು.

ಮಾರ್ಚ್ 14, ಶುಕ್ರವಾರ

ಇಡೀ ದಿನ ಒಳಗಿದ್ದಳು. ಸಂಜೆ ಹೊರಗೆ ಬಂದವಳ ಮುಖ ಅರಳಿತ್ತು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು, ಹೇಳದೆ ನಕ್ಕು ಹೋದಳು. ನಗಲಿ. ಮಂಗಳವಾರ ಥಿಯೇಟರಿನಲ್ಲಿ ಗೊತ್ತಾಗುತ್ತದೆ.

ಒಳಗೆ ಹೋಗಿ ನೋಡಿದೆ. ಕುರ್ಚಿ ನನ್ನ ಎತ್ತರಕ್ಕೆ ಇಳಿದಿತ್ತು.

ಮಾರ್ಚ್ 18, ಮಂಗಳವಾರ

ಥಿಯೇಟರಿನಲ್ಲಿ ಬೆಳಗಿನ ಆಟಕ್ಕೆ ಮುಂಚೆ ನಮಗೆ ಅರ್ಧ ಗಂಟೆ ಕೊಟ್ಟಿದ್ದರು. ಖಾಲಿ ಸೀಟುಗಳ ನಡುವೆ ನಾವು ಐದೇ ಜನ.

ಮೊದಲು ನನ್ನದು. ಎಂಜಿನ್ ಶುರುವಾದದ್ದೇ ಸೀಟು ನಡುಗಿತು. ದಡ್ ದಡ್ ದಡ್. ಅಂಬಿಗ ಬಾಯಿ ಆಡಿಸುತ್ತಿದ್ದ, ಮಾತು ಕೇಳಲೇ ಇಲ್ಲ. ಕಳೆದ ಚಿತ್ರಕ್ಕಿಂತ ಅತ್ತತ್ತ. ನಿರ್ದೇಶಕಿ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು.

ಆಮೇಲೆ ಅವಳದು. ಅದೇ ದೋಣಿ, ಅದೇ ಎಂಜಿನ್. ಅದು ಎಲ್ಲೋ ಕಾಲಿನ ಕೆಳಗೆ ದುಡಿಯುತ್ತಿತ್ತು, ಅದರ ಮೇಲೆ ಅಂಬಿಗನ ಮಾತು ನಿರಾಳವಾಗಿ ಕೂತಿತ್ತು. “ನಲವತ್ತು ವರ್ಷ ಈ ಸದ್ದು ಕೇಳಿದೀನಿ. ನಿಂತ್ರೆ ನಿದ್ದೆ ಬರಲ್ಲ” ಎಂದ. ಆ ಮಾತಿನ ಹಿಂದೆಯೇ ಎಂಜಿನ್ ನಿಂತಿತು. ಇಡೀ ಥಿಯೇಟರು ಬರಿದಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಅಂಬಿಗನಿಗಾಗಿ ಅಲ್ಲ. ಅದನ್ನು ಮಾಡಿದವಳು ನಾನಾಗಿರಲಿಲ್ಲ ಎಂದು ಬಂತು.

ಹೊರಾಂಗಣದಲ್ಲಿ ನಿರ್ದೇಶಕಿ ಕೈ ಕುಲುಕುವಷ್ಟರಲ್ಲಿ ವಾರಗಿತ್ತಿ ಶುರುಮಾಡಿದಳು.

“ಒಂದು ನಿಮಿಷ. ಇದು ಸರಿಯಾದ ಸ್ಪರ್ಧೆ ಅಲ್ಲ. ಅಕ್ಕ ಮಾಡುವಾಗ ಸಬ್‌ವೂಫರಿನ ಸ್ವಿಚ್ಚು ತಪ್ಪಾಗಿತ್ತು. ತಪ್ಪಾಗಿದ್ರೆ ಕುರ್ಚಿ ಹತ್ರ ಎಂಜಿನ್ ಕೇಳ್ಸಲ್ಲ, ಯಾರಾದ್ರೂ ಜಾಸ್ತಿ ಹಾಕ್ತಾರೆ. ನಾನು ಶುಕ್ರವಾರ ಹೋಗಿ ನೋಡಿದ್ರೆ ಸ್ವಿಚ್ಚು ಸರಿಯಾಗಿದೆ! ತಮ್ಮದು ಮುಗಿದ್ಮೇಲೆ ಅಕ್ಕಂಗೆ ಗೊತ್ತಾಗಿದೆ. ನಂಗೋಸ್ಕರ ಸುಮ್ನೆ ಸರಿಮಾಡಿ ಇಟ್ಟಿದ್ದಾರೆ. ತಮ್ಮದನ್ನ ಮತ್ತೆ ಮಾಡ್ತೀನಿ ಅಂತ ಒಂದು ಮಾತು ಕೇಳ್ಲಿಲ್ಲ. ಯಾರು ಮಾಡ್ತಾರೆ ಹೀಗೆ, ನೀವೇ ಹೇಳಿ.”

ಕೆಡಿಸಲು ತಿರುಗಿಸಿದ್ದೇ ಸರಿಯಾದದ್ದು. ಅವತ್ತು ಹಟಕ್ಕೆ “ಇದೇ” ಎಂದದ್ದೇ ತಪ್ಪು. ಅವಳ ಬಾಯಿಂದ ಸರಿ ಎಂದು ಬರಬಾರದೆಂಬ ಆಸೆಗೆ ಬಿದ್ದು ನನ್ನ ಕಿವಿಯನ್ನೇ ಮಾರಿಕೊಂಡಿದ್ದೆ.

ನಿರ್ದೇಶಕಿ ನನ್ನ ಕಡೆ ತಿರುಗಿದಳು. ಅಂಥ ಮುಖ ಮಾಡಿಕೊಂಡು ನನ್ನನ್ನು ಯಾರೂ ನೋಡಿರಲಿಲ್ಲ. “ಹಾಗಿದ್ರೆ ನೀವೇ ಮಾಡಿ ಅಮ್ಮ. ಇಷ್ಟು ದೊಡ್ಡ ಮನಸ್ಸಿನವ್ರ ಕೈಲೇ ಈ ಚಿತ್ರ ಇರ್ಲಿ. ಸೋಮವಾರದಿಂದ ಶುರುಮಾಡಿ” ಎಂದಳು. ವಾರಗಿತ್ತಿ ಚಪ್ಪಾಳೆಯನ್ನೇ ತಟ್ಟಿಬಿಟ್ಟಳು. ಮೈದುನ ನನ್ನ ಕಾಲಿಗೆ ಬೀಳುವುದೊಂದು ಬಾಕಿ.

ಇವರು ಮಾತ್ರ ಗೋಡೆಯ ಮೇಲಿನ ಪೋಸ್ಟರು ಓದುತ್ತ ನಿಂತಿದ್ದರು.

ಮಾರ್ಚ್ 19, ಬುಧವಾರ

ಬೇಕಾದದ್ದು ಸಿಕ್ಕಿದೆ. ಚಿತ್ರವೂ ಸಿಕ್ಕಿತು, ಕುರ್ಚಿಯೂ ಉಳಿಯಿತು.

ಮಾರ್ಚ್ 21, ಶುಕ್ರವಾರ

ಅತ್ತೆ ಪಕ್ಕದ ಮನೆಯವರಿಗೆ ನನ್ನ ದೊಡ್ಡತನದ ಕಥೆಯನ್ನು ಮೂರನೇ ಸಲ ಹೇಳುತ್ತಿದ್ದರು. ತಲೆನೋವು ಎಂದು ಒಳಗೆ ಹೋದೆ. ಅವಳು ಮಾತ್ರೆ, ನೀರು ಹಿಡಿದು ಹಿಂದೆಯೇ ಬಂದಳು. ಅವಳನ್ನು ಕಂಡರೆ ಆಗದೆ ಇದ್ದಾಗಲೇ ನೆಮ್ಮದಿಯಿತ್ತು.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಮೊದಲ ದೃಶ್ಯ ಹಾಕಿದೆ. ಎಂಜಿನ್ ಚೆನ್ನಾಗಿ ಕೇಳುತ್ತಿತ್ತು, ಅಂಬಿಗನೂ ಕೇಳುತ್ತಿದ್ದ. ಗೋಡೆಯ ಚೌಕಟ್ಟು ಕಿಟಕಿಟ ಎಂದಿತು. ಎದ್ದು ಅದನ್ನು ತೆಗೆದು ಬೀರುವಿನ ಹಿಂದೆ ಇಟ್ಟೆ. ಮತ್ತೆ ಕೂತೆ. ಕೈ ಮುಂದೆ ಹೋಗಲಿಲ್ಲ.

ಅವಳು ಪಕ್ಕದ ಚಿಕ್ಕ ಮೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾತುಗಳ ನಡುವಿನ ಕಸ ತೆಗೆಯುತ್ತಿದ್ದಳು. ಕೈಕೆಳಗಿನವರ ಕೆಲಸ, ಅವಳೇ ಕೇಳಿ ತೆಗೆದುಕೊಂಡದ್ದು. ನಾನು ಅವಳ ಹೆಡ್‌ಫೋನ್ ಎತ್ತಿದೆ.

“ನಾನು ಸ್ವಿಚ್ಚು ತಿರುಗಿಸಿದ್ದು ನಿನಗೋಸ್ಕರ ಅಲ್ಲ.”

“ಅಂದ್ರೆ?”

“ನಿನ್ನ ಮಿಕ್ಸ್ ಕೆಡ್ಲಿ ಅಂತ ತಿರುಗಿಸಿದೆ. ಅದು ಸರಿಹೋಗಿದ್ದು ನನ್ನ ಕರ್ಮ. ಮೊದಲು ತಪ್ಪು ಹೇಳಿದ್ದೂ ನಿನ್ನ ಮೇಲಿನ ಹೊಟ್ಟೆಕಿಚ್ಚಿಗೇ.”

ಅವಳು ನಗುತ್ತಾಳೇನೋ ಎಂದುಕೊಂಡೆ. ನಗಲಿಲ್ಲ. ಮುಖ ಸುಣ್ಣದ ಹಾಗೆ ಬಿಳುಚಿತು. “ನಾನು ಎಲ್ಲರ ಮುಂದೆ ನಿಮ್ಮನ್ನ ಹೊಗಳ್ತಾ ಇದ್ನಲ್ಲ ಅಕ್ಕ” ಎಂದಳು. “ಆಗ ನೀವು ಸುಮ್ನೆ ನಿಂತಿದ್ರಿ.” ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟು ಮೇಲೆ ಹೋದಳು.

ನಿರ್ದೇಶಕಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಸರಿ. ಅವರಿಗೇ ಹೇಳಿ ಮಾಡೋಕೆ” ಎಂದು ಇಟ್ಟಳು. ಅಮ್ಮ ಎನ್ನಲಿಲ್ಲ.

ಇವರಿಗೆ ಹೇಳಿದಾಗ, “ಓಲೆ ಸಿಕ್ತು ಅನ್ನು” ಎಂದರು. ಇಷ್ಟು ವರ್ಷ ಈ ಮನುಷ್ಯನ ಜೊತೆ ಹೇಗೆ ಬಾಳಿದೆನೋ.

ಮಾರ್ಚ್ 26, ಬುಧವಾರ

ಮಾತಿಲ್ಲ. ಚಹಾದ ಲೋಟ ಇಟ್ಟು ಹೋಗುತ್ತಾಳೆ, ಅಕ್ಕ ಎನ್ನುವುದಿಲ್ಲ. ನಾನು ಚಿಕ್ಕ ಮೇಜಿಗೆ ಬಂದಿದ್ದೇನೆ. ಹೆಡ್‌ಫೋನ್ ಕಿವಿಗೆ ಒತ್ತುತ್ತದೆ. ಈ ಮೇಜಿನಲ್ಲಿ ಒಂದು ವರ್ಷ ಅವಳು ಹೇಗೆ ಕೂತಳೋ, ದೀಪ ನೇರ ಕಣ್ಣಿಗೆ ಹೊಡೆಯುತ್ತದೆ. ಇವರಿಗೆ ಹೇಳಿ ಹೊರಳಿಸಿದೆ.

ಅವಳೂ ಕೆಲಸ ಶುರುಮಾಡಿಲ್ಲ. ದೃಶ್ಯ ಹಾಕುತ್ತಾಳೆ, ನಿಲ್ಲಿಸುತ್ತಾಳೆ, ಪೆಟ್ಟಿಗೆಯ ಕಡೆ ನೋಡುತ್ತಾಳೆ. ಅವಳ ಕಿವಿಯ ಮೇಲೆ ಅವಳಿಗೇ ಅನುಮಾನ ಬಂದ ಹಾಗಿದೆ. ಅದು ನಾನು ಮಾಡಿದ ಕೆಲಸವೇ. ನೋಡಲಾಗುವುದಿಲ್ಲ.

ಮಾರ್ಚ್ 28, ಶುಕ್ರವಾರ

ಹನ್ನೊಂದು ಗಂಟೆಗೆ ಕುರ್ಚಿಯಿಂದ ದನಿ ಬಂತು. “ಅಕ್ಕ.”

ಹೆಡ್‌ಫೋನ್ ಇತ್ತು, ಆದರೂ ಕೇಳಿತು.

“ಇನ್ನೊಂದ್ಸಲ ನೋಡ್ಬೇಕು. ಹಿಂದೆ ಕೂತ್ಕೊಳ್ತೀರಾ?”

ಇವರನ್ನು ಕರೆಯಬಹುದಿತ್ತು, ಗಂಡನನ್ನು ಕರೆಯಬಹುದಿತ್ತು. ಅವಳು ಕಣ್ಣು ಮುಚ್ಚಿ ನೆಟ್ಟಗೆ ಕೂತಳು. ನಾನು ಪೆಟ್ಟಿಗೆಯ ಹಿಂದೆ ಮಂಡಿಯೂರಿದೆ. ಸ್ವರ ಶುರುವಾಯಿತು. ಬೆರಳು ಸ್ವಿಚ್ಚಿನ ಮೇಲಿತ್ತು. ತಿರುಗಿಸಿದೆ.

“ಹೂಂ. ಮತ್ತೆ.”

ತಿರುಗಿಸಿದೆ. ನನ್ನ ಮುಖ ಏನಾದರೂ ಹೇಳಿಬಿಟ್ಟೀತೆಂದು ತಲೆ ತಗ್ಗಿಸಿದೆ. ಅವಳು ಕಣ್ಣೇ ಬಿಡಲಿಲ್ಲ, ಒಂದು ಸಲವೂ.

“ಮತ್ತೆ.”

ಏಳು ಸಲ ತಿರುಗಿಸಿರಬೇಕು. ಕೊನೆಗೆ, “ಇದು” ಎಂದಳು.

ಸರಿಯಾದದ್ದೇ. ನಾನು ಹೇಳಲಿಲ್ಲ, ಹೇಳಕೂಡದು. ಟೇಪು ತಂದು ಸ್ವಿಚ್ಚಿನ ಮೇಲೆ ಅಂಟಿಸಿದೆ, ಇನ್ನು ಯಾರ ಬೆರಳೂ ತಾಗದ ಹಾಗೆ. ಏಳಲು ಹೋದರೆ ಮಂಡಿ ಹಿಡಿದುಕೊಂಡಿತು. ಅವಳು ಬಂದು ರಟ್ಟೆ ಹಿಡಿದು ಎಬ್ಬಿಸಿದಳು. ಸೀರೆಯ ಧೂಳು ತಟ್ಟಿದಳು.

ಮಧ್ಯಾಹ್ನದಿಂದ ಕೆಲಸ ಶುರುವಾಗಿದೆ. ಎರಡನೇ ದೃಶ್ಯದಲ್ಲಿ ನೀರಿನ ಸದ್ದನ್ನು ಅವಳು ಸ್ವಲ್ಪ ಜಾಸ್ತಿ ಇಟ್ಟಿದ್ದಾಳೆ ಅನ್ನಿಸಿತು. ಹೇಳಿದೆ. ಇಳಿಸಿ ಕೇಳಿದಳು, ಮತ್ತೆ ಏರಿಸಿದಳು. ಅವಳೇ ಸರಿ. ಈ ಹೊಟ್ಟೆಕಿಚ್ಚು ಹೋಗುವ ಜಾತಿಯದ್ದಲ್ಲ.

ಮಾರ್ಚ್ 29, ಶನಿವಾರ

ಅವಳು ಬುದ್ಧಿ ಕಲಿಯುವವಳಲ್ಲ. ನಿನ್ನೆ ಸಂಜೆಯೂ ಕುರ್ಚಿಯನ್ನು ನನ್ನ ಎತ್ತರಕ್ಕೆ ಇಳಿಸಿಯೇ ಹೋಗಿದ್ದಾಳೆ. ಅಷ್ಟು ಉದ್ದ ಕಾಲಿನವಳು ದಿನಾ ಬೆಳಿಗ್ಗೆ ಬಂದು ಆ ಹಿಡಿಯ ಜೊತೆ ಗುದ್ದಾಡಬೇಕು, ಕೆಲಸಕ್ಕೆ ಸುಮ್ಮನೆ ತಡ. ಅವಳು ಬರುವ ಮೊದಲೇ ನಾನು ಎರಡು ಬೆರಳು ಏರಿಸಿ ಇಟ್ಟೆ.